ಬೇರೆಯಾಗುವ ಗಳಿಗೆ

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಅನಾಫೇಸ್ ಎಂಬ ಹಂತದ ಚಿತ್ರ ಮಸುಕಾಗಿಯಾದರೂ ನೆನಪಿರುತ್ತದೆ. ಜೀವಕೋಶದ ನಡುವೆ ಸಾಲಾಗಿ ನಿಂತ ವರ್ಣತಂತುಗಳ ಸೆಂಟ್ರೋಮಿಯರ್ ಸೀಳುತ್ತದೆ, ಜೋಡಿ ಎಳೆಗಳು ಎರಡು ತುದಿಗಳತ್ತ ಸರಿಯುತ್ತವೆ. ಇಷ್ಟು ಹೇಳಿ ಪುಸ್ತಕ ಮುಂದಿನ ಹಂತಕ್ಕೆ ಹೊರಟುಬಿಡುತ್ತದೆ. ಸೀಳುವವರು ಯಾರು? ನಲವತ್ತಾರೂ ವರ್ಣತಂತುಗಳು ಒಂದೇ ಗಳಿಗೆಯಲ್ಲಿ ಬೇರೆಯಾಗಬೇಕೆಂದು ಅಪ್ಪಣೆ ಕೊಡುವವರು ಯಾರು? ಒಂದು ವರ್ಣತಂತು ಇನ್ನೂ ಸಿದ್ಧವಾಗಿಲ್ಲವೆಂದರೆ ಉಳಿದ ನಲವತ್ತೈದನ್ನು ತಡೆದು ನಿಲ್ಲಿಸುವವರು ಯಾರು? ಇವು ಪರೀಕ್ಷೆಗೆ ಬರುವ ಪ್ರಶ್ನೆಗಳಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಆದರೆ ಕೋಶವಿಭಜನೆಯಲ್ಲಿ ನಿಜವಾಗಿ ತಿಳಿಯಬೇಕಾದ ಪ್ರಶ್ನೆಗಳು ಇವೇ ಎಂದು ನನ್ನ ಅನಿಸಿಕೆ.

ಉತ್ತರ ಸಿಕ್ಕಿದ್ದು ಮನುಷ್ಯನ ಕೋಶದಲ್ಲಲ್ಲ, ಬ್ರೆಡ್ಡು ಉಬ್ಬಿಸುವ ಯೀಸ್ಟಿನಲ್ಲಿ. 1988ರಿಂದ 2000ದವರೆಗಿನ ಹನ್ನೆರಡು ವರ್ಷಗಳಲ್ಲಿ ಅದು ತುಂಡುತುಂಡಾಗಿ ಹೊರಬಂತು. ಅದರ ನಡುಮಧ್ಯದಲ್ಲಿ ನಿಂತಿರುವುದು ಇಎಸ್‌ಪಿ1 ಎಂಬ ಜೀನ್ ತಯಾರಿಸುವ ಒಂದು ದೊಡ್ಡ ಪ್ರೋಟೀನು. ಸೆಪರೇಸ್ ಎಂಬ ಹೆಸರು ಅದಕ್ಕೆ ಆಮೇಲೆ ಬಂತು.

ಈ ಕಥೆಯನ್ನು ಮೈಸೂರಿನಲ್ಲಿ ಕುಳಿತು ನೋಡುವವರಿಗೆ ಒಂದು ಅನುಕೂಲವಿದೆ. ವರ್ಣತಂತುಗಳನ್ನು ಕಣ್ಣಾರೆ ಕಂಡು ಎಣಿಸುವ ವಿದ್ಯೆ ಇಲ್ಲಿ ಹಳೆಯದು. 1960ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿ ಶುರುವಾದ ಮೇಲೆ ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಂ.ಆರ್. ರಾಜಶೇಖರಶೆಟ್ಟರು ಹಣ್ಣಿನ ನೊಣದ, ಅಂದರೆ ಡ್ರೊಸೊಫಿಲಾದ, ಸಂಶೋಧನೆಗೆ ಬುನಾದಿ ಹಾಕಿದರು. ಎನ್.ಬಿ. ಕೃಷ್ಣಮೂರ್ತಿ, ಎಚ್.ಎ. ರಂಗನಾಥ್, ಎನ್.ಬಿ. ರಾಮಚಂದ್ರ ಅದನ್ನು ಮುಂದುವರಿಸಿದರು. ಇಲ್ಲಿನ ನೊಣದ ಬಾಟಲಿಯ ಅಡುಗೆ ಯಾವ ಮನೆಯಲ್ಲಿ ಬೇಕಾದರೂ ಮಾಡಬಹುದಾದದ್ದು: ರವೆ, ಬೆಲ್ಲ, ಅಗರ್ ಸೇರಿಸಿ ಬೇಯಿಸಿ, ಬೂಷ್ಟು ಹಿಡಿಯದಿರಲೆಂದು ಚೂರು ಪ್ರೊಪಿಯಾನಿಕ್ ಆಮ್ಲ ಬೆರೆಸಿ, ಬಾಟಲಿಗೆ ಸುರಿದು, ಆರಿದ ಮೇಲೆ ಮೇಲಿಂದ ಯೀಸ್ಟಿನ ಕಾಳು ಉದುರಿಸುವುದು. ನೊಣಕ್ಕೂ ಅದರ ಮರಿಹುಳಕ್ಕೂ ಯೀಸ್ಟೇ ಮುಖ್ಯ ಆಹಾರ. ನೊಣದ ವರ್ಣತಂತುಗಳ ಬಗ್ಗೆ ವಿದ್ಯಾರ್ಥಿಗಳು ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಗೆ ಉತ್ತರ ಆ ನೊಣದ ಊಟದಲ್ಲೇ ಇತ್ತು ಅನ್ನಬಹುದು.

ಎಣಿಸುವ ಕೆಲಸ ಹೀಗೆ. ಚೆನ್ನಾಗಿ ಮೇಯ್ದು ಬಾಟಲಿಯ ಗೋಡೆ ಹತ್ತಲು ಶುರುಮಾಡಿದ ಮರಿಹುಳವನ್ನು ಉಪ್ಪುನೀರಿನ ಹನಿಯಲ್ಲಿಟ್ಟು, ಒಂದು ಸೂಜಿಯಿಂದ ಮೈಯನ್ನು ಅದುಮಿ ಇನ್ನೊಂದರಿಂದ ಬಾಯಿಯ ಕಪ್ಪು ಕೊಕ್ಕೆಗಳನ್ನು ಎಳೆದರೆ ಒಳಗಿನದೆಲ್ಲ ಹೊರಬರುತ್ತದೆ. ಅದರಲ್ಲಿ ಬಿಳಿಯ ಎರಡು ಗುಂಡು ಸೇರಿದಂತಿರುವ ಚೂರೇ ಮೆದುಳು. ಅದನ್ನು ಬೇರ್ಪಡಿಸಿ ಕಾಲ್ಚಿಸಿನ್ ದ್ರಾವಣದಲ್ಲಿಟ್ಟು, ಆಮೇಲೆ ತೆಳು ಸೋಡಿಯಂ ಸಿಟ್ರೇಟಿನಲ್ಲಿ ಕೋಶಗಳನ್ನು ಉಬ್ಬಿಸಿ, ಆರ್ಸೀನ್ ಬಣ್ಣ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಮಡಚಿದ ಒತ್ತುಕಾಗದದ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತುವುದು. ಒತ್ತುವಾಗ ಗಾಜು ಒಂದು ಕೂದಲೆಳೆಯಷ್ಟು ಜಾರಿದರೂ ಕೋಶಗಳು ಸುರುಳಿ ಸುತ್ತಿಕೊಂಡು ಸ್ಲೈಡು ಹಾಳು. ಸರಿಯಾಗಿ ಬಂದರೆ ಸೂಕ್ಷ್ಮದರ್ಶಕದಲ್ಲಿ ಕೆಂಗಂದು ಬಣ್ಣದ ಕಡ್ಡಿಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಇದರಲ್ಲಿ ಕಾಲ್ಚಿಸಿನ್ನಿನ ಕೆಲಸವೇನು? ವರ್ಣತಂತುಗಳನ್ನು ಎಳೆಯುವ ಕದಿರೆಳೆಗಳು ಸೂಕ್ಷ್ಮನಾಳಗಳಿಂದ ಆದವು. ಅವು ಕಟ್ಟಿಕೊಳ್ಳದಂತೆ ಕಾಲ್ಚಿಸಿನ್ ತಡೆಯುತ್ತದೆ. ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯ ಗಡ್ಡೆಯಲ್ಲೂ ಬೀಜದಲ್ಲೂ ಇರುವ ವಿಷ ಅದೇ. ಎಳೆಯುವ ನಾಳವಿಲ್ಲದೆ ವರ್ಣತಂತು ಸುಮ್ಮನೆ ನಿಂತಿತು ಎಂದು ವಿವರಿಸಿದರೆ ಅರ್ಧ ಸತ್ಯವಷ್ಟೇ ಆಯಿತು. ಎಳೆತ ಇಲ್ಲದಿದ್ದರೂ ಜೋಡಿ ಎಳೆಗಳು ಒಂದರಿಂದೊಂದು ಬಿಟ್ಟುಕೊಳ್ಳಬಹುದಿತ್ತಲ್ಲ? ಬಿಟ್ಟುಕೊಳ್ಳುವುದಿಲ್ಲ. ಕೋಶ ಯಾವುದನ್ನೋ ಗಮನಿಸಿದೆ, ಗಮನಿಸಿ ತಡೆದಿದೆ. ಮಾನಸಗಂಗೋತ್ರಿಯಲ್ಲಿ ಮಾತ್ರವಲ್ಲ, ಲೋಕದ ಪ್ರಯೋಗಶಾಲೆಗಳಲ್ಲಿ ಹೀಗೆ ಕಾಲ್ಚಿಸಿನ್ ಹಾಕಿ ಎಣಿಸಿದ ವರ್ಣತಂತುಗಳೆಲ್ಲ ಆ ತಡೆಹಿಡಿದ ಗಳಿಗೆಯಲ್ಲಿ ಎಣಿಸಿದವು. ತಡೆಹಿಡಿದದ್ದು ಏನು ಎಂಬುದು ಎಣಿಸುವವರಿಗೆ ಬಹುಕಾಲ ಗೊತ್ತಿರಲಿಲ್ಲ, ಎಣಿಸಲು ಅದು ಗೊತ್ತಿರಬೇಕಾಗಿಯೂ ಇರಲಿಲ್ಲ.

ಯೀಸ್ಟಿನಲ್ಲಿ ಹೀಗೆ ನೋಡಿ ಎಣಿಸುವುದು ಆಗದ ಮಾತು. ಕೋಶವೇ ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲು. ಅದರೊಳಗಿನ ವರ್ಣತಂತುಗಳು ಸಾಧಾರಣ ಸೂಕ್ಷ್ಮದರ್ಶಕಕ್ಕೆ ಸಿಗುವುದೇ ಇಲ್ಲ. ಆದರೂ ಹಟ ಹಿಡಿದು ನೋಡಿದವರು ನಮ್ಮಲ್ಲೇ ಇದ್ದರು. 1940ರ ದಶಕದ ನಡುಭಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಕೆ. ಸುಬ್ರಮಣ್ಯಂ ಬಿಯರ್ ತಯಾರಿಸುವ ಯೀಸ್ಟಿಗೆ ಬಣ್ಣ ಕಟ್ಟಿ, ಅದರಲ್ಲೂ ಗಿಡ-ಪ್ರಾಣಿಗಳಂತೆ ವರ್ಣತಂತುಗಳ ವಿಭಜನೆ ನಡೆಯುತ್ತದೆಂದು ಒಂದರ ಹಿಂದೊಂದು ಲೇಖನ ಬರೆದರು. ಯೀಸ್ಟಿನೊಳಗಿನ ದೊಡ್ಡ ನೀರುಗುಳ್ಳೆಯನ್ನೇ ನ್ಯೂಕ್ಲಿಯಸ್ಸಿನ ಭಾಗವೆಂದು ಹೆಸರಾಂತ ವಿಜ್ಞಾನಿಗಳು ವಾದಿಸುತ್ತಿದ್ದ ಕಾಲವದು. ಸುಬ್ರಮಣ್ಯಂ ಅವರ ಲೆಕ್ಕದಲ್ಲಿ ಸಿಕ್ಕ ವರ್ಣತಂತುಗಳು ಬೆರಳೆಣಿಕೆಯಷ್ಟು. ನಿಜಕ್ಕೂ ಇರುವುದು ಹದಿನಾರು ಎಂಬುದು 1980ರ ದಶಕದಲ್ಲಿ ಡಿಎನ್‌ಎಯನ್ನೇ ವಿದ್ಯುತ್ತಿನ ಬಲದಿಂದ ಜೆಲ್ಲಿನಲ್ಲಿ ಓಡಿಸಿ ಬೇರ್ಪಡಿಸಿದಾಗ ಖಚಿತವಾಯಿತು. ಎಣಿಕೆ ತಪ್ಪಿತ್ತು. ಯೀಸ್ಟನ್ನು ನಮ್ಮ ಜಾತಿಯ ಕೋಶವೆಂದೇ ನೋಡಬೇಕು ಎಂಬ ಹಟ ತಪ್ಪಿರಲಿಲ್ಲ. ಕನ್ನಡದಲ್ಲಿ ವಿಜ್ಞಾನದ ಇತಿಹಾಸ ಬರೆಯುವವರು ಸುಬ್ರಮಣ್ಯಂ ಅವರ ಹೆಸರನ್ನು ಇಷ್ಟೊಂದು ಮರೆಯಬಾರದಿತ್ತು.

ಕಣ್ಣಿಗೆ ಕಾಣದ್ದನ್ನು ಕೆಡಿಸಿ ನೋಡುವುದು ಯೀಸ್ಟಿನವರ ದಾರಿ. ಅಮೆರಿಕದ ಲೀಲಂಡ್ ಹಾರ್ಟ್‌ವೆಲ್ 1970ರ ಆಸುಪಾಸಿನಲ್ಲಿ ಈ ದಾರಿ ತೋರಿಸಿದರು. ತಂಪಿನಲ್ಲಿ ಬೆಳೆದು ಬಿಸಿಯಲ್ಲಿ ಕೆಡುವ ಮ್ಯುಟೆಂಟ್ ತಳಿಗಳನ್ನು ಆರಿಸಿ, ವಿಭಜನೆಯ ಯಾವ ಹಂತದಲ್ಲಿ ಸಿಕ್ಕಿಬಿದ್ದವು ಎಂದು ನೋಡುತ್ತ ಹೋದರು. 2001ರಲ್ಲಿ ಅವರಿಗೆ ಪಾಲ್ ನರ್ಸ್, ಟಿಮ್ ಹಂಟ್ ಜೊತೆ ನೊಬೆಲ್ ಬಂತು. ಇಂಥ ತಳಿಗಳಲ್ಲೊಂದನ್ನು ಸಿಯಾಟಲ್‌ನ ಬ್ರೆಕ್ ಬಯರ್ಸ್ ಅವರ ಗುಂಪು 1988ರಲ್ಲಿ ವಿವರಿಸಿತು. ಬಿಸಿ ಮಾಡಿದರೆ ಅದರ ವರ್ಣತಂತುಗಳು ಬೇರೆಯಾಗುವುದಿಲ್ಲ, ಆದರೂ ಕೋಶ ಮುಂದಕ್ಕೆ ಓಡುತ್ತದೆ. ಕದಿರು ಕಟ್ಟುವ ತುದಿಗಳು ಎರಡಿರಬೇಕಾದ ಕಡೆ ಮೂರು ನಾಲ್ಕಾಗುತ್ತವೆ. ಕಣ್ಣಿಗೆ ಬಿದ್ದದ್ದು ತುದಿಗಳ ಸಂಖ್ಯೆ, ಹಾಗಾಗಿ ಜೀನಿಗೆ ಇಎಸ್‌ಪಿ1 ಎಂಬ ಹೆಸರೂ ಅದರ ಮೇಲೇ ಬಿತ್ತು. ಮುಖ್ಯ ರೋಗ ಬೇರೆಯಾಗದಿರುವುದು ಎಂದು ತಿಳಿಯಲು ಇನ್ನೂ ಹತ್ತು ವರ್ಷ ಹಿಡಿಯಿತು. ಅದೇ ಕಾಲಕ್ಕೆ ಕ್ಯೋಟೋದಲ್ಲಿ ಮಿತ್ಸುಹಿರೋ ಯಾನಗಿದಾ ಬೇರೊಂದು ಜಾತಿಯ ಯೀಸ್ಟಿನಲ್ಲಿ ಇದೇ ಪ್ರೋಟೀನಿನ ಬಂಧುವನ್ನು ಕಂಡಿದ್ದರು. ಅಲ್ಲಿ ಬೇರೆಯಾಗದ ವರ್ಣತಂತುಗಳ ಮೇಲೆಯೇ ಕೋಶದ ನಡುಗೋಡೆ ಎದ್ದು ನ್ಯೂಕ್ಲಿಯಸ್ಸನ್ನು ಕೊಯ್ದುಬಿಡುತ್ತಿತ್ತು.

ಇನ್ನೊಂದು ಕಡೆಯಿಂದ ಅಂಟಿನ ಹುಡುಕಾಟ ನಡೆದಿತ್ತು. 1997ರಲ್ಲಿ ವಿಯೆನ್ನಾದ ಕಿಮ್ ನಾಸ್ಮಿತ್ ಮತ್ತು ಬಾಲ್ಟಿಮೋರಿನ ಡಗ್ಲಸ್ ಕೋಶ್‌ಲ್ಯಾಂಡ್ ಅವರ ಗುಂಪುಗಳು ಜೋಡಿ ಎಳೆಗಳನ್ನು ಹಿಡಿದಿಡುವ ಪ್ರೋಟೀನುಗಳನ್ನು ಬೇರೆಬೇರೆಯಾಗಿ ಪತ್ತೆ ಮಾಡಿದವು. ಅದಕ್ಕೆ ಕೊಹೀಸಿನ್ ಎಂದು ಹೆಸರು. ಅದು ಮೂರು ತುಂಡು ಸೇರಿದ ಉಂಗುರ, ಡಿಎನ್‌ಎ ಎರಡಾಗುವಾಗಲೇ ಎರಡೂ ಎಳೆಗಳನ್ನು ತನ್ನೊಳಗೆ ತೂರಿಸಿಕೊಳ್ಳುತ್ತದೆ. ಉಂಗುರದ ಕೊಂಡಿಯಾಗಿರುವ ತುಂಡು ಎಸ್‌ಸಿಸಿ1. 1999ರಲ್ಲಿ ಫ್ರಾಂಕ್ ಉಲ್‌ಮನ್, ನಾಸ್ಮಿತ್ ಮತ್ತು ಜೊತೆಗಾರರು ಅನಾಫೇಸಿನ ಹೊಸ್ತಿಲಲ್ಲಿ ಈ ಕೊಂಡಿ ತುಂಡಾಗುತ್ತದೆಂದೂ ಆ ತುಂಡರಿಕೆಗೆ ಇಎಸ್‌ಪಿ1 ಬೇಕೆಂದೂ ತೋರಿಸಿದರು. 566 ಅಮೈನೋ ಆಮ್ಲಗಳ ಕೊಂಡಿಯಲ್ಲಿ 180ನೆಯ ಮತ್ತು 268ನೆಯ ಜಾಗದ ಆರ್ಜಿನೀನುಗಳ ಪಕ್ಕದಲ್ಲಿ, ಎರಡೇ ಕಡೆ, ಕತ್ತರಿ ಬೀಳುತ್ತದೆ.

ಇಷ್ಟಾದರೂ ಒಂದು ಅನುಮಾನ ಉಳಿದಿತ್ತು. ಕೊಂಡಿ ತುಂಡಾಗುವುದು ಕಾರಣವೋ, ಬೇರೆಯಾಗುವ ಗಡಿಬಿಡಿಯಲ್ಲಿ ನಡೆಯುವ ನೂರೆಂಟು ಸಂಗತಿಗಳಲ್ಲಿ ಅದೂ ಒಂದೋ? 2000ದಲ್ಲಿ ಅದೇ ಗುಂಪು ಮಾಡಿದ ಪ್ರಯೋಗ ನನಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಚೊಕ್ಕವಾದದ್ದೆನಿಸುತ್ತದೆ. ಎಸ್‌ಸಿಸಿ1ರಲ್ಲಿ ಸೆಪರೇಸ್ ಕತ್ತರಿಸುವ ಜಾಗಕ್ಕೆ ಬದಲಾಗಿ ತಂಬಾಕಿನ ಗಿಡಕ್ಕೆ ರೋಗ ತರುವ ಒಂದು ವೈರಸ್ಸಿನ ಕಿಣ್ವ ಮಾತ್ರ ಗುರುತಿಸಬಲ್ಲ ಜಾಗವನ್ನು ಸೇರಿಸಿದರು. ಯೀಸ್ಟಿಗೂ ಆ ವೈರಸ್ಸಿಗೂ ಯಾವ ಸಂಬಂಧವೂ ಇಲ್ಲ. (ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ತಂಬಾಕೆಂದರೆ ಹರಾಜು ಮಾರುಕಟ್ಟೆ, ಬ್ಯಾರನ್ನು, ಸೌದೆ ಖರ್ಚು. ಅದರ ರೋಗದಿಂದಲೂ ಜೀವವಿಜ್ಞಾನಕ್ಕೊಂದು ಹತಾರ ಸಿಕ್ಕಿದೆ.) ಕೋಶವನ್ನು ಬೇರೆಯಾಗುವ ಮುಂಚಿನ ಹಂತದಲ್ಲಿ ನಿಲ್ಲಿಸಿ, ಆ ಹೊರಗಿನ ಕಿಣ್ವವನ್ನು ಹುಟ್ಟಿಸಿದರು. ಸೆಪರೇಸ್ ಸುಮ್ಮನಿದ್ದರೂ ಎಳೆಗಳು ಬಿಟ್ಟುಕೊಂಡು ಎರಡು ಕಡೆ ಸರಿದವು. ಎಂದರೆ ಎಳೆಯುವ ಬಲ ಮೊದಲೇ ಸಿದ್ಧವಾಗಿ ಕಾದಿತ್ತು. ಬಾಕಿ ಇದ್ದದ್ದು ಕತ್ತರಿಸುವ ಕೆಲಸವೊಂದೇ. ಪಠ್ಯಪುಸ್ತಕದ ಚಿತ್ರ ನೋಡಿದರೆ ಎಳೆದದ್ದರಿಂದ ಬೇರೆಯಾಯಿತು ಅನಿಸುತ್ತದೆ. ನಡೆಯುವುದು ಅದರ ತಿರುಗುಮುರುಗು.

ಇಂಥ ಕತ್ತರಿಯನ್ನು ಕೋಶ ಬಿಚ್ಚಿಟ್ಟುಕೊಂಡಿರಲು ಸಾಧ್ಯವಿಲ್ಲ. 1630 ಅಮೈನೋ ಆಮ್ಲಗಳ ಸೆಪರೇಸಿನ ಬಾಯಿಗೆ ಸೆಕ್ಯೂರಿನ್ ಎಂಬ ಚಿಕ್ಕ ಪ್ರೋಟೀನು ಅಡ್ಡ ಕೂತಿರುತ್ತದೆ. ಯೀಸ್ಟಿನಲ್ಲಿ ಅದರ ಹೆಸರು ಪಿಡಿಎಸ್1. ಎಲ್ಲ ಸರಿಯಿದೆ ಎಂದು ಗೊತ್ತಾದಾಗ ಸಿಡಿಸಿ20 ಎಂಬ ನೆರವಿಗನೊಡನೆ ಎಪಿಸಿ ಎಂಬ ದೊಡ್ಡ ಪ್ರೋಟೀನು ಗುಂಪು ಸೆಕ್ಯೂರಿನ್ನಿಗೆ ವಿಲೇವಾರಿಯ ಗುರುತು ಹಚ್ಚುತ್ತದೆ. ಕೋಶದ ಕಸದ ಯಂತ್ರ ಅದನ್ನು ಪುಡಿ ಮಾಡುತ್ತದೆ, ಸೆಪರೇಸಿಗೆ ಬಿಡುಗಡೆ. ಸರಿಯಿಲ್ಲವೆಂದರೆ? ಕದಿರೆಳೆ ಕಟ್ಟಿಕೊಳ್ಳದ ಒಂದೇ ಒಂದು ವರ್ಣತಂತು ಉಳಿದಿದ್ದರೂ ಅದರಿಂದ ಹೊರಡುವ ಸಂಕೇತ ಸಿಡಿಸಿ20ನ್ನು ಕಟ್ಟಿಹಾಕುತ್ತದೆ. ಮರಿಹುಳದ ಮೆದುಳಿನಲ್ಲಿ ಕಾಲ್ಚಿಸಿನ್ ಕೆರಳಿಸಿದ್ದು ಇದೇ ಕಾವಲನ್ನು. ನೊಣದಲ್ಲಿ ಸೆಕ್ಯೂರಿನ್ನಿನ ಕೆಲಸ ಮಾಡುವುದು ಪಿಂಪಲ್ಸ್ ಎಂಬ ಪ್ರೋಟೀನು. ಯೀಸ್ಟಿನಲ್ಲಿ ಒಂದೇ ಆಗಿರುವ ಸೆಪರೇಸ್ ನೊಣದಲ್ಲಿ ಎರಡು ಪ್ರೋಟೀನುಗಳಾಗಿ ಒಡೆದಿದೆ. ಆದರೂ ಕೆಲಸ ಅದೇ, ಕ್ರಮ ಅದೇ.

ಈ ಕಾವಲನ್ನು ಕಂಡುಹಿಡಿದ ಬಗೆಯಲ್ಲಿ ನಮ್ಮ ರೈತರಿಗೆ ಪರಿಚಿತವಾದ ವಸ್ತುವೊಂದಿದೆ. ಯೀಸ್ಟಿನ ಸೂಕ್ಷ್ಮನಾಳಕ್ಕೆ ಕಾಲ್ಚಿಸಿನ್ ಅಷ್ಟಾಗಿ ತಾಗುವುದಿಲ್ಲ. ಅದರ ಬದಲು ಬೆನೊಮಿಲ್ ಎಂಬ ಶಿಲೀಂಧ್ರನಾಶಕ ಬಳಸುತ್ತಾರೆ. ಬೆನೊಮಿಲ್ ನೀರಿನಲ್ಲಿ ಒಡೆದು ಕಾರ್ಬೆಂಡಜಿಮ್ ಆಗುತ್ತದೆ. ಗೊಬ್ಬರದಂಗಡಿಯಲ್ಲಿ ಬಾವಿಸ್ಟಿನ್ ಎಂದು ಕೇಳಿ ತರುವ ಪುಡಿ ಅದೇ: ಭತ್ತದ ಬೆಂಕಿರೋಗಕ್ಕೆ, ಬಾಳೆಯ ಎಲೆಚುಕ್ಕೆಗೆ ಸಿಂಪಡಿಸುವಂಥದು. 1991ರಲ್ಲಿ ಎರಡು ಗುಂಪುಗಳು ಈ ಜಾತಿಯ ವಿಷವನ್ನು ಚೂರೇ ಹಾಕಿ ಯೀಸ್ಟ್ ಬೆಳೆಸಿ, ಸಾಧಾರಣ ತಳಿಗಳು ತಡೆದು ನಿಂತು ಚೇತರಿಸಿಕೊಳ್ಳುವಾಗ ತಡೆಯದೆ ನುಗ್ಗಿ ಸಾಯುವ ತಳಿಗಳನ್ನು ಆರಿಸಿದವು. ಹಾಗೆ ಸಿಕ್ಕವು ಮ್ಯಾಡ್ ಮತ್ತು ಬಬ್ ಎಂಬ ಹೆಸರಿನ ಜೀನುಗಳು. ಅವು ಕೆಟ್ಟಿದ್ದರಿಂದ ಕಾವಲೇ ಇರಲಿಲ್ಲ. ಅವೇ ಜೀನುಗಳು ಮನುಷ್ಯನಲ್ಲೂ ಇವೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಯೀಸ್ಟಿನಿಂದ ಮನುಷ್ಯನವರೆಗೆ ಹೆಚ್ಚುಕಡಿಮೆ ಒಂದೇ. ಈ ಏಕರೂಪತೆಯನ್ನೇ ಹಿಡಿದು ಬರೆಯುವವರು ಬಹಳ. ಅಷ್ಟೇ ಬೆರಗಿನದು ಇದರ ಇನ್ನೊಂದು ಮಗ್ಗುಲು. ಕತ್ತರಿ ಎಲ್ಲ ಕಡೆ ಒಂದೇ, ವರ್ಣತಂತುವನ್ನು ಕದಿರೆಳೆಗೆ ಕಟ್ಟುವ ಜಾಗ ಮಾತ್ರ ಪ್ರತಿ ಜೀವಿಯಲ್ಲೂ ಬೇರೆ. ಆ ಜಾಗವೇ ಸೆಂಟ್ರೋಮಿಯರ್, ಅದರ ಮೇಲೆ ಕಟ್ಟಿಕೊಳ್ಳುವ ಪ್ರೋಟೀನುಗಳ ಅಟ್ಟವೇ ಕೈನೆಟೋಕೋರ್. ಇದನ್ನು ಬಿಡಿಸಿ ತೋರಿಸಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು.

ಮೊದಲ ಸೆಂಟ್ರೋಮಿಯರನ್ನು 1980ರಲ್ಲಿ ಕ್ಯಾಲಿಫೋರ್ನಿಯಾದ ಲೂಯಿಸ್ ಕ್ಲಾರ್ಕ್ ಮತ್ತು ಜಾನ್ ಕಾರ್ಬನ್ ಬೇಕರಿ ಯೀಸ್ಟಿನಿಂದಲೇ ಬೇರ್ಪಡಿಸಿದರು. ಅದು ಬರೀ 125 ಅಕ್ಷರಗಳಷ್ಟು ಡಿಎನ್‌ಎ. ಕಟ್ಟಿಕೊಳ್ಳುವುದು ಒಂದೇ ಸೂಕ್ಷ್ಮನಾಳ. ಮನುಷ್ಯನಲ್ಲಿ ಅದೇ ಜಾಗ ಲಕ್ಷಗಟ್ಟಲೆ ಅಕ್ಷರಗಳಷ್ಟು ಹರಡಿದೆ. ಎರಡರ ನಡುವಿನ ಜೀವಿಗಳಲ್ಲಿ ಏನಿದೆ? ಕಾರ್ಬನ್ ಅವರ ಪ್ರಯೋಗಶಾಲೆಯಲ್ಲಿದ್ದ ಕೌಸ್ತುವ್ ಸನ್ಯಾಲ್ 2004ರಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟಿನ ಎಂಟೂ ಸೆಂಟ್ರೋಮಿಯರುಗಳನ್ನು ತೋರಿಸಿಕೊಟ್ಟರು. ಬಾಯಿಹುಣ್ಣು ತರುವ, ಮೈಯ ಶಕ್ತಿ ಕುಂದಿದವರ ರಕ್ತಕ್ಕೂ ಇಳಿಯುವ ಯೀಸ್ಟು ಇದು. ಅದರ ಒಂದೊಂದು ಸೆಂಟ್ರೋಮಿಯರೂ ಮೂರರಿಂದ ಐದು ಸಾವಿರ ಅಕ್ಷರ ಉದ್ದ, ಒಂದರಂತೆ ಇನ್ನೊಂದಿಲ್ಲ. ಎಂಟು ವರ್ಣತಂತುಗಳಿಗೆ ಎಂಟು ಬೇರೆಬೇರೆ ಬರಹ. ಎಂದಮೇಲೆ ಜಾಗವನ್ನು ಗುರುತಿಸುವುದು ಡಿಎನ್‌ಎಯ ಬರಹವಲ್ಲ. ಸೆನ್‌ಪ್-ಎ ಎಂಬ ವಿಶೇಷ ಹಿಸ್ಟೋನ್ ಪ್ರೋಟೀನು ಹಿಂದಿನ ತಲೆಮಾರಿನಲ್ಲಿ ಎಲ್ಲಿ ಕುಳಿತಿತ್ತೋ ಈ ತಲೆಮಾರಿನಲ್ಲೂ ಅಲ್ಲೇ ಕೂರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಸನ್ಯಾಲ್ ಬಂದ ಮೇಲೆ ಅವರ ಗುಂಪು ಒಂದು ಸೆಂಟ್ರೋಮಿಯರನ್ನೇ ಕಿತ್ತುಹಾಕಿ ನೋಡಿತು. ಪಕ್ಕದಲ್ಲೇ ಹೊಸ ಜಾಗದಲ್ಲಿ ಹೊಸ ಸೆಂಟ್ರೋಮಿಯರ್ ಎದ್ದಿತು.

ಅಲ್ಲಿಂದಲೇ 2021ರಲ್ಲಿ ಬಂದದ್ದು ಬ್ರಿಜಿನ್ ಎಂಬ ಹೊಸ ಪ್ರೋಟೀನಿನ ಸುದ್ದಿ. ಅದು ಸಿಕ್ಕಿದ್ದು ಕ್ರಿಪ್ಟೋಕಾಕಸ್ ಎಂಬ ಯೀಸ್ಟಿನಲ್ಲಿ, ಎಚ್‌ಐವಿ ಸೋಂಕಿತರ ಮೆದುಳಿನ ಪೊರೆಗೆ ಹತ್ತುವಂಥದು. ಬಹುತೇಕ ಜೀವಿಗಳಲ್ಲಿ ಕೈನೆಟೋಕೋರಿನ ಒಳ ಅಟ್ಟದಲ್ಲಿ ಹತ್ತು-ಹದಿನೈದು ಪ್ರೋಟೀನುಗಳಿರುತ್ತವೆ. ಕ್ರಿಪ್ಟೋಕಾಕಸ್ಸಿನ ಬಳಗ ಅವುಗಳಲ್ಲಿ ಬಹುಪಾಲನ್ನು ವಿಕಾಸದ ಹಾದಿಯಲ್ಲಿ ಕಳೆದುಕೊಂಡಿದೆ. ಒಳ ಅಟ್ಟವಿಲ್ಲದೆ ಹೊರ ಅಟ್ಟ ನಿಲ್ಲುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರದಲ್ಲೊಂದು ಭಾಗ ಬ್ರಿಜಿನ್. ಅದು ಹೊರಗಿನ ಪ್ರೋಟೀನುಗಳನ್ನು ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಯಿಂದ ವರ್ಣತಂತುವನ್ನೇ ಹಿಡಿಯುತ್ತದೆ. ಅದಿಲ್ಲದಿದ್ದರೆ ವಿಭಜನೆಯಲ್ಲಿ ವರ್ಣತಂತುಗಳು ತಪ್ಪಿಹೋಗುತ್ತವೆ. ಕೋಶವಿಭಜನೆಯ ಪ್ರೋಟೀನುಗಳ ಪಟ್ಟಿ ಮುಗಿಯಿತು ಎಂದುಕೊಂಡಿದ್ದವರಿಗೆ ಇದೊಂದು ಎಚ್ಚರಿಕೆಯೂ ಆಯಿತು.

ಮೈಸೂರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ರೇಷ್ಮೆಹುಳುವಿದೆ. ಶ್ರೀರಾಂಪುರದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1961ರಿಂದ ಅದರ ತಳಿಗಳ ಮೇಲೆ ಕೆಲಸ ಮಾಡುತ್ತಿದೆ. ರೇಷ್ಮೆಹುಳುವಿನ 28 ಜೊತೆ ವರ್ಣತಂತುಗಳಲ್ಲಿ ಸೆಂಟ್ರೋಮಿಯರ್ ಎಂಬ ಒಂದು ಜಾಗವೇ ಇಲ್ಲ, ವರ್ಣತಂತುವಿನ ಉದ್ದಕ್ಕೂ ಕದಿರೆಳೆಗಳು ಕಟ್ಟಿಕೊಳ್ಳುತ್ತವೆ. ಅಷ್ಟೇ ಅಲ್ಲ, ಉಳಿದೆಡೆ ಜೀವಾಳವೆನಿಸಿದ ಸೆನ್‌ಪ್-ಎ ಪ್ರೋಟೀನೇ ಅದರಲ್ಲಿಲ್ಲ ಎಂದು 2014ರಲ್ಲಿ ಗೊತ್ತಾಯಿತು. ಪಠ್ಯದ 'ಸೆಂಟ್ರೋಮಿಯರ್ ಸೀಳುತ್ತದೆ' ಎಂಬ ವಾಕ್ಯವನ್ನು ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಯಾವ ಗೂಡಿನೊಳಗಿನ ಹುಳುವಿಗೂ ಅನ್ವಯಿಸಲಾಗದು. ಕೊಹೀಸಿನ್ ಉಂಗುರ ಮತ್ತು ಸೆಪರೇಸ್ ಅನ್ವಯಿಸುತ್ತವೆ.

ಕಟ್ಟುವ ಜಾಗ ಹೀಗೆ ಚಂಚಲವಾಗಿರುವುದರಿಂದ ವರ್ಣತಂತುಗಳ ಸಂಖ್ಯೆಯೂ ಕಾಲಕಾಲಕ್ಕೆ ಬದಲಾಗುತ್ತದೆ. ಈ ಪ್ರಶ್ನೆಯಲ್ಲಿ ಮಾನಸಗಂಗೋತ್ರಿಯ ನೊಣ ನಿಜಕ್ಕೂ ಲೋಕದ ಮುಂಚೂಣಿಯಲ್ಲಿತ್ತು. ಕೊಡಗಿನಲ್ಲಿ ಸಿಗುವ ಡ್ರೊಸೊಫಿಲಾ ನಾಸುಟಾಕ್ಕೆ ಎಂಟು ವರ್ಣತಂತುಗಳು. ಆಗ್ನೇಯ ಏಷ್ಯಾ, ಜಪಾನ್ ಕಡೆಯ ಅದರ ಬಂಧು ಆಲ್ಬೊಮಿಕನ್ಸ್‌ಗೆ ಆರು. ಆಲ್ಬೊಮಿಕನ್ಸ್‌ನಲ್ಲಿ ಮೂರನೆಯ ವರ್ಣತಂತು ಹೋಗಿ ಎಕ್ಸ್ ಮತ್ತು ವೈ ಲಿಂಗ ವರ್ಣತಂತುಗಳಿಗೆ ಬೆಸೆದುಕೊಂಡಿದೆ. ಎರಡನ್ನೂ ಕೂಡಿಸಿದರೆ ಮರಿಗಳಾಗುತ್ತವೆ, ಮರಿಗಳಿಗೂ ಮರಿಗಳಾಗುತ್ತವೆ. ರಂಗನಾಥ್ ಅವರು ಜರ್ಮನಿಯ ಕ್ಲಾಸ್ ಹೇಗೆಲೆ ಜೊತೆ 1980ರ ದಶಕದ ಮೊದಲಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಹೀಗೆ ಕೂಡಿಸಿದ ಸಂತತಿಯನ್ನು ತಲೆಮಾರುಗಟ್ಟಲೆ ಬಾಟಲಿಯಲ್ಲಿ ಬೆಳೆಸಿದಾಗ ಅಪ್ಪನದೂ ಅಲ್ಲದ ಅಮ್ಮನದೂ ಅಲ್ಲದ ಹೊಸ ವರ್ಣತಂತು ಜೋಡಣೆ ನೆಲೆಗೊಂಡಿತು. ಒಂದರಲ್ಲಿ ಗಂಡಿಗೆ ಏಳು, ಹೆಣ್ಣಿಗೆ ಆರು. ಇವನ್ನು ಸೈಟೋರೇಸ್ ಎಂದು ಕರೆದರು. ರಾಮಚಂದ್ರ ಮತ್ತಿತರರು ಮುಂದುವರಿಸಿ ಇಂಥವನ್ನು ಹದಿನಾರಕ್ಕೆ ಮುಟ್ಟಿಸಿದರು. ಹೊಸ ಜಾತಿ ಹುಟ್ಟುವ ಹಾದಿಯನ್ನು ಬಾಟಲಿಯಲ್ಲಿ ಕಂಡ ಅಪರೂಪದ ಪ್ರಯೋಗ ಇದು.

ಎರಡು ವರ್ಣತಂತು ಬೆಸೆದರೆ ಕಟ್ಟುವ ಜಾಗವೂ ಎರಡಾಗುವ ಅಪಾಯವಿದೆ. ಒಂದನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಎಳೆದರೆ ಕತ್ತರಿಗಿಂತ ಮೊದಲೇ ಡಿಎನ್‌ಎ ಹರಿಯುತ್ತದೆ. ಹಾಗಾಗಿ ಒಂದು ಸುಮ್ಮನಾಗಬೇಕು, ಇಲ್ಲವೇ ಎರಡೂ ಕೂಡಿ ಒಂದಾಗಬೇಕು. ನೊಣದ ಕಾಲದಲ್ಲಿ ಆ ಜಾಗದ ಡಿಎನ್‌ಎ ಓದುವ ಉಪಕರಣ ಇರಲಿಲ್ಲ. ಇದೇ ಪ್ರಶ್ನೆಯನ್ನು ಜಕ್ಕೂರಿನ ಗುಂಪು 2020ರಲ್ಲಿ ಮಲಸ್ಸೇಜಿಯಾ ಎಂಬ ಯೀಸ್ಟಿನಲ್ಲಿ ಅಕ್ಷರಕ್ಷರ ಓದಿ ಬಿಡಿಸಿತು. ನಮ್ಮೆಲ್ಲರ ತಲೆಯ ಮೇಲಿದ್ದು ಹೊಟ್ಟು ಏಳಿಸುವ ಯೀಸ್ಟು ಅದು. ಪೂರ್ವಜರಲ್ಲಿ ಒಂಬತ್ತಿದ್ದ ವರ್ಣತಂತುಗಳು ಕೆಲವು ಜಾತಿಗಳಲ್ಲಿ ಎಂಟಾಗಿವೆ, ಏಳಾಗಿವೆ. ಸೆಂಟ್ರೋಮಿಯರ್ ಇದ್ದಲ್ಲೇ ಮುರಿದು ತುಂಡುಗಳು ಬೇರೆ ವರ್ಣತಂತುಗಳಿಗೆ ಸೇರಿದ್ದು ಒಂದು ಬಗೆ, ಬೆಸೆದ ಮೇಲೆ ಒಂದು ಸೆಂಟ್ರೋಮಿಯರ್ ಕೆಲಸ ಬಿಟ್ಟದ್ದು ಇನ್ನೊಂದು ಬಗೆ. ಮೈಸೂರಿನ ಸೈಟೋರೇಸ್‌ಗಳನ್ನು ಈ ಕಣ್ಣಿನಿಂದ ಮತ್ತೆ ನೋಡುವುದು ಯೋಗ್ಯವಾದ ಕೆಲಸ. ಹಳೆಯ ಬಾಟಲಿಗಳ ತಳಿಯನ್ನು ಬಿಡದೆ ಕಾಪಾಡಿಕೊಂಡು ಬರುವುದಕ್ಕೆ ಇರುವ ಬೆಲೆ ಇಂಥ ಕಡೆ ಗೊತ್ತಾಗುತ್ತದೆ.

ಬೇರೆಯಾಗುವುದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ರುಚಿಯಾದ ಉದಾಹರಣೆ ನಂಜನಗೂಡು ರಸಬಾಳೆ. ವರ್ಣತಂತುಗಳ ಎರಡು ಕಟ್ಟು ಇರಬೇಕಾದ ಕಡೆ ಅದಕ್ಕೆ ಮೂರು ಕಟ್ಟು, ಒಟ್ಟು 33 ವರ್ಣತಂತು. ಮೈಯ ಕೋಶ ಒಡೆಯುವಾಗ ತೊಂದರೆಯಿಲ್ಲ, ಉಂಗುರ ಕತ್ತರಿಸಿದರೆ ಸಾಕು. ಬೀಜಾಣು ತಯಾರಾಗುವಾಗ ವರ್ಣತಂತುಗಳು ಜೊತೆಗೂಡಿ ನಿಲ್ಲಬೇಕು, ಮೂರನ್ನು ಎರಡು ಪಾಲು ಮಾಡಲಾಗದು. ಹಾಗಾಗಿ ಬೀಜವಿಲ್ಲ, ಕಂದಿನಿಂದಲೇ ಸಂತಾನ. ಎಲ್ಲ ಗಿಡವೂ ಒಂದೇ ಅಚ್ಚು. ಪನಾಮಾ ಸೊರಗು ರೋಗ ಬಂದು ತೋಟಕ್ಕೆ ತೋಟವೇ ಮಲಗಿದ್ದರಲ್ಲಿ ಇದಕ್ಕೂ ಪಾಲಿದೆ.

ಮನುಷ್ಯರಲ್ಲಿ ಅದು ರುಚಿಯ ಮಾತಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗೆ ಮಾತಿನ ತರಬೇತಿಗೆ ಬರುವ ಮಕ್ಕಳಲ್ಲಿ ಡೌನ್ ಸಿಂಡ್ರೋಮ್ ಇರುವವರೂ ಇರುತ್ತಾರೆ. ಅವರ ಕೋಶಗಳಲ್ಲಿ 21ನೆಯ ವರ್ಣತಂತು ಮೂರು. ಬಹುಪಾಲು ಪ್ರಕರಣಗಳಲ್ಲಿ ತಪ್ಪು ನಡೆದಿರುವುದು ಅಂಡಾಣುವಿನಲ್ಲಿ. ತಾಯಿ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವಳ ಅಂಡಾಣುಗಳು ವಿಭಜನೆಗೆ ಶುರುಮಾಡಿ ಅರ್ಧಕ್ಕೆ ನಿಂತಿರುತ್ತವೆ. ಆಗ ಹಾಕಿದ ಕೊಹೀಸಿನ್ ಉಂಗುರಗಳೇ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿದಿರಬೇಕು. ಹೊಸ ಉಂಗುರ ಹಾಕುವ ವ್ಯವಸ್ಥೆ ಅಲ್ಲಿಲ್ಲ ಎಂದು ಇಲಿಯಲ್ಲಿ ನೋಡಿದ್ದಾರೆ. ಕಾಲ ಕಳೆದಂತೆ ಒಂದೊಂದಾಗಿ ಸಡಿಲಿ, ಸೆಪರೇಸ್ ಬರುವ ಮುಂಚೆಯೇ ಜೋಡಿ ಬಿಟ್ಟುಹೋಗುತ್ತದೆ. ಇಪ್ಪತ್ತರ ತಾಯಿಗೆ ಸಾವಿರದ ಐನೂರರಲ್ಲಿ ಒಂದು ಇರುವ ಸಂಭವ ನಲವತ್ತಕ್ಕೆ ನೂರರಲ್ಲಿ ಒಂದಾಗುವುದು ಹೀಗೆ. ಗ್ರಹಣದ ಹೊತ್ತು ಹೊರಗೆ ಬಂದದ್ದಕ್ಕೋ, ಪಪ್ಪಾಯಿ ತಿಂದದ್ದಕ್ಕೋ ಮಗು ಹೀಗಾಯಿತೆಂದು ತಾಯಿಯನ್ನು ಹಳಿಯುವ ಮನೆಗಳು ಇನ್ನೂ ಇವೆ. ಅವಳು ಮಾಡಿದ ಯಾವ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ.

ಬಿಡಿಸದ ಗಂಟುಗಳೂ ಇವೆ. ಸೆಕ್ಯೂರಿನ್ ತೆಗೆದರೆ ಸೆಪರೇಸ್ ಹುಚ್ಚೆದ್ದು ಕೋಶ ಸಾಯಬೇಕಿತ್ತು. ಸೆಕ್ಯೂರಿನ್ ಇಲ್ಲದ ಇಲಿಗಳು ಬದುಕಿದವು. ಬೇಕರಿ ಯೀಸ್ಟೂ ತಂಪಿನಲ್ಲಿದ್ದರೆ ಬದುಕುತ್ತದೆ. ಬೆನ್ನುಮೂಳೆಯ ಪ್ರಾಣಿಗಳಲ್ಲಿ ಇನ್ನೊಂದು ತಡೆ, ಸಿಡಿಕೆ1 ಎಂಬ ಕಿಣ್ವದ್ದು, ಇದೆ ಎಂದು 2001ರಲ್ಲಿ ತಿಳಿಯಿತು. ಅದೂ ಸಾಲದೆಂಬಂತೆ ಶುಗೋಶಿನ್ ಮತ್ತು ಮ್ಯಾಡ್2 ಕೂಡಿ ಹಾಕುವ ಮೂರನೆಯ ತಡೆ 2020ರಲ್ಲಿ ಹೊರಬಿತ್ತು. ಮೂರು ಬೀಗ ಯಾಕೆ, ಯಾವುದು ಯಾವ ಕೋಶದಲ್ಲಿ ಮುಖ್ಯ ಎಂಬ ಲೆಕ್ಕ ಇನ್ನೂ ನಡೆದಿದೆ. ಹಲವು ಕ್ಯಾನ್ಸರ್ ಗಡ್ಡೆಗಳಲ್ಲಿ ಸೆಪರೇಸೂ ಸೆಕ್ಯೂರಿನ್ನೂ ಅಳತೆ ಮೀರಿ ಇರುವುದರಿಂದ ಈ ಲೆಕ್ಕ ಬರೀ ಪಂಡಿತರ ತಕರಾರಲ್ಲ. ಆದರೆ ಸೆಪರೇಸನ್ನೇ ತಡೆಯುವ ಔಷಧ ತಯಾರಿಸುವುದರ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಎಲ್ಲ ಕೋಶದಲ್ಲೂ ಒಂದೇ ಆಗಿರುವ ಕತ್ತರಿಯನ್ನು ಕಟ್ಟಿಹಾಕಿದರೆ ಒಳ್ಳೆಯ ಕೋಶವೂ ಕೆಡುತ್ತದೆ.

ಹೆಚ್ಚು ಬೇಗ ಫಲ ಕೊಡಬಹುದಾದದ್ದು ಜೀವಿಯಿಂದ ಜೀವಿಗೆ ಬೇರೆಬೇರೆಯಾಗಿರುವ ಭಾಗ. ಕ್ಯಾಂಡಿಡಾ ಆಲ್ಬಿಕನ್ಸ್‌ನಲ್ಲಿ ಕೈನೆಟೋಕೋರನ್ನು ಸೂಕ್ಷ್ಮನಾಳಕ್ಕೆ ಹಿಡಿಸುವ ಡ್ಯಾಮ್1 ಎಂಬ ಪ್ರೋಟೀನು ಗುಂಪು ಇಲ್ಲದಿದ್ದರೆ ಯೀಸ್ಟು ಉಳಿಯುವುದಿಲ್ಲ ಎಂದು ಜಕ್ಕೂರಿನಲ್ಲೇ ತೋರಿಸಿದ್ದಾರೆ. ಮನುಷ್ಯನಲ್ಲಿ ಡ್ಯಾಮ್1 ಇಲ್ಲ, ಆ ಕೆಲಸಕ್ಕೆ ಸ್ಕಾ ಎಂಬ ಬೇರೆಯೇ ಗುಂಪಿದೆ. ಆಸ್ಪತ್ರೆಗಳಲ್ಲಿ ಈಗ ಶಿಲೀಂಧ್ರದ ಸೋಂಕಿಗೆ ಕೊಡುವ ಮದ್ದುಗಳು ಬಹುಮಟ್ಟಿಗೆ ಅದರ ಪೊರೆಯ ಮೇಲೋ ಗೋಡೆಯ ಮೇಲೋ ಕೆಲಸ ಮಾಡುವಂಥವು. ಐಸಿಯುಗಳಲ್ಲಿ ಹಬ್ಬುವ ಕ್ಯಾಂಡಿಡಾ ಆರಿಸ್ ಆ ಎರಡಕ್ಕೂ ಬಗ್ಗದಂತಾಗುತ್ತಿದೆ. ಕಾರ್ಬೆಂಡಜಿಮ್ ತಟ್ಟುವ ಸೂಕ್ಷ್ಮನಾಳದ ಪ್ರೋಟೀನು ನಮ್ಮಲ್ಲೂ ಇರುವುದರಿಂದ ಅದನ್ನು ರೋಗಿಗೆ ಕೊಡುವಂತಿಲ್ಲ. ಡ್ಯಾಮ್1ಗೆ ತಗಲುವ ಮದ್ದು ಸಿಕ್ಕರೆ ಆ ತೊಡಕಿರುವುದಿಲ್ಲ. ಅಂಥದೊಂದು ಮದ್ದು ಇನ್ನೂ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ.